ಶಾಖ ಎತ್ತುವ ಯಂತ್ರಕ್ಕೆ ಗದಗ ಸೀಮೆಯ ಅಳತೆ

ಬೇಸಿಗೆ ಕಾಲಿಟ್ಟರೆ ಗದಗ-ಬೆಟಗೇರಿಯ ಅಂಗಡಿಗಳಲ್ಲಿ ಏಸಿ ಕೊಳ್ಳಲು ಬಂದವರು ಮೊದಲು ಕೇಳುವುದು ‘ಎಷ್ಟು ಸ್ಟಾರ್ ಐತ್ರೀ?’ ಎಂದು. ಅದರ ಬೆನ್ನಿಗೇ ‘ಕರೆಂಟ್ ಎಷ್ಟು ತಿಂತೇತಿ?’ ಎಂಬ ಮಾತು ಬರುತ್ತದೆ. ಮೊದಲ ಪ್ರಶ್ನೆಗೆ ಯಂತ್ರಕ್ಕೆ ಅಂಟಿಸಿದ ಚೀಟಿಯೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಆ ಚೀಟಿಯಲ್ಲಿ ಸಿಗುವುದು ಅರ್ಧ ಉತ್ತರ. ಇನ್ನರ್ಧವನ್ನು ನಮ್ಮ ಮನೆಯ ಸ್ಲ್ಯಾಬು, ಹೊರಗಿನ ಯೂನಿಟ್ ಕೂಡಿಸಿದ ಜಾಗ, ನಮ್ಮ ಬೋರಿನ ನೀರು, ನಮ್ಮ ಊರಿನ ಗಾಳಿ ತೀರ್ಮಾನಿಸುತ್ತವೆ. ಆ ಅರ್ಧವನ್ನು ಇಲ್ಲಿಯೇ, ನಾವೇ ಅಳೆದು ತಿಳಿಯಬೇಕು.

ಏಸಿ ಎಂದರೆ ಹೀಟ್ ಪಂಪ್. ಫ್ರಿಜ್ಜೂ ಅದೇ. ಹಾಲಿನ ಸಂಘದ ಶೀತಲೀಕರಣ ಟ್ಯಾಂಕು, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡುವ ಪೆಟ್ಟಿಗೆ, ಎಲ್ಲವೂ ಒಂದೇ ಜಾತಿಯ ಯಂತ್ರಗಳು. ಇವು ತಂಪನ್ನು ಹುಟ್ಟಿಸುವುದಿಲ್ಲ. ಒಂದು ಕಡೆಯ ಶಾಖವನ್ನು ಎತ್ತಿ ಇನ್ನೊಂದು ಕಡೆ ಸುರಿಯುತ್ತವೆ. ಒಳಗಿನ ಕಾಯಿಲ್‌ನಲ್ಲಿ ಗ್ಯಾಸು ಆವಿಯಾಗುತ್ತ ಶಾಖ ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಅದು ಮತ್ತೆ ದ್ರವವಾಗುತ್ತ ಶಾಖ ಬಿಡುತ್ತದೆ. ಸುರಿದ ಶಾಖವನ್ನೇ ಬಳಸಿಕೊಂಡರೆ ಅದು ನೀರು ಕಾಯಿಸುವ ಯಂತ್ರ. ಶಾಖ ಕಳೆದುಕೊಂಡ ಜಾಗ ನಮಗೆ ಬೇಕಿದ್ದರೆ ತಂಪಿನ ಯಂತ್ರ.

ಮುಂಡರಗಿ, ಶಿರಹಟ್ಟಿಯ ರೈತರಿಗೆ ಇದನ್ನು ತಿಳಿಯಪಡಿಸಲು ಭೌತಶಾಸ್ತ್ರ ಬೇಕಿಲ್ಲ, ಬೋರ್‌ವೆಲ್ ಸಾಕು. ನೂರು ಫೂಟಿನಿಂದ ಒಂದು ಕೊಡ ನೀರೆತ್ತಲು ಬೇಕಾದ ಕರೆಂಟು ಬೇರೆ, ಐನೂರು ಫೂಟಿನಿಂದ ಎತ್ತಲು ಬೇಕಾದದ್ದು ಬೇರೆ. ಮೋಟಾರು ಎಷ್ಟೇ ಒಳ್ಳೆಯದಿರಲಿ, ಆಳ ಹೆಚ್ಚಿದಂತೆ ಖರ್ಚು ಹೆಚ್ಚುತ್ತದೆ. ಹೀಟ್ ಪಂಪಿಗೆ ಆಳವೆಂದರೆ ಒಳಗಿನ ಕಾಯಿಲ್ ಮತ್ತು ಹೊರಗಿನ ಕಾಯಿಲ್‌ಗಳ ಉಷ್ಣತೆಯ ಅಂತರ. ಈ ಅಂತರ ಕಡಿಮೆಯಿದ್ದಷ್ಟೂ ಒಂದು ಯೂನಿಟ್ ಕರೆಂಟಿನಲ್ಲಿ ಹೆಚ್ಚು ಶಾಖ ಸಾಗುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಯೂನಿಟ್ ಶಾಖ ಸಾಗಿತು ಎಂಬ ಅನುಪಾತಕ್ಕೆ ತಂತ್ರಜ್ಞರು ಸಿಒಪಿ ಎನ್ನುತ್ತಾರೆ. ಅದು ಮೂರು, ನಾಲ್ಕು ಇರುವುದು ಸಾಮಾನ್ಯ. ಒಂದು ಯೂನಿಟ್ಟಿಗೆ ಮೂರು ಯೂನಿಟ್ ಎಂದರೆ ಮೋಸವೇನೋ ಎಂದು ಅನುಮಾನಿಸುವವರಿದ್ದಾರೆ. ಕರೆಂಟು ಇಲ್ಲಿ ಶಾಖವಾಗುವುದಕ್ಕಲ್ಲ, ಶಾಖವನ್ನು ಸಾಗಿಸುವುದಕ್ಕೆ ಖರ್ಚಾಗುತ್ತದೆ. ಆದ್ದರಿಂದ ಇದರಲ್ಲಿ ಯಾವ ನಿಯಮವೂ ಮುರಿದಿಲ್ಲ.

ಈ ಅನುಪಾತಕ್ಕೆ ಮೇಲಿನ ಮಿತಿಯೊಂದಿದೆ ಎಂಬುದರ ಬುನಾದಿ ಹಾಕಿದವನು ಫ್ರಾನ್ಸಿನ ಸಾದಿ ಕಾರ್ನೋ, 1824ರಲ್ಲಿ. 1834ರಲ್ಲಿ ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಆವಿಯನ್ನು ಒತ್ತಿ ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇಂಥ ಯಂತ್ರದಿಂದ ಕಟ್ಟಡವನ್ನು ಬೆಚ್ಚಗೂ ಇಡಬಹುದು ಎಂಬ ವಿಚಾರವನ್ನು 1852ರಲ್ಲಿ ಮುಂದಿಟ್ಟವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಚಳಿದೇಶಗಳಲ್ಲಿ ಹೀಟ್ ಪಂಪ್ ಎಂದರೆ ಮನೆ ಬೆಚ್ಚಗಿಡುವ ಯಂತ್ರ. ಅಲ್ಲಿಯ ಚರ್ಚೆಯೆಲ್ಲ ಹಿಮ ಬೀಳುವ ರಾತ್ರಿಯ ದಕ್ಷತೆಯ ಸುತ್ತ ನಡೆಯುತ್ತದೆ. ನಮ್ಮ ಪರೀಕ್ಷೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಒಳಗಿನ ಕಾಯಿಲ್ 10 ಡಿಗ್ರಿಯಲ್ಲಿದೆ ಎಂದುಕೊಳ್ಳಿ, ಕೆಲ್ವಿನ್ ಲೆಕ್ಕದಲ್ಲಿ 283. ಹೊರಗೆ 35 ಡಿಗ್ರಿ ಇದ್ದಾಗ ಹೊರಗಿನ ಕಾಯಿಲ್ ಸುಮಾರು 50 ಡಿಗ್ರಿಗೆ ಏರಬೇಕು, ಇಲ್ಲದಿದ್ದರೆ ಅದು ಶಾಖ ಬಿಡಲಾರದು. ಅಂತರ 40. 283ನ್ನು 40ರಿಂದ ಭಾಗಿಸಿದರೆ 7. ಇದು ಕಾರ್ನೋ ಮಿತಿ; ನಿಜವಾದ ಯಂತ್ರ ಅದರ ಅರ್ಧದಷ್ಟು ಮುಟ್ಟಿದರೆ ಒಳ್ಳೆಯದೇ, ಅಂದರೆ 3.5. ಈಗ ಮಧ್ಯಾಹ್ನ ಮೂರಕ್ಕೆ ಸಿಮೆಂಟಿನ ಮಹಡಿಯ ಮೇಲೆ, ಬಿಸಿಲಿಗೆ ಕಾದ ಗೋಡೆಯ ಪಕ್ಕದಲ್ಲಿ ಯೂನಿಟ್ಟಿನ ಸುತ್ತಲ ಗಾಳಿ 42 ಡಿಗ್ರಿ ಇದೆ ಎನ್ನಿ. ಕಾಯಿಲ್ 57ಕ್ಕೆ ಏರುತ್ತದೆ, ಅಂತರ 47, ಮಿತಿ 6, ನಿಜದ ಫಲ 3. ರಾತ್ರಿ ಹೊರಗೆ 28ಕ್ಕೆ ಇಳಿದಾಗ ಅದೇ ಯಂತ್ರದ ಫಲ 4.3ರ ಹತ್ತಿರ ಬರುತ್ತದೆ. ಮೂರೂ ಹೊತ್ತು ಯಂತ್ರ ಅದೇ, ಸ್ಟಾರುಗಳೂ ಅವೇ. ಗದಗ ಸುಮಾರು 650 ಮೀಟರ್ ಎತ್ತರದ ಊರು. ಹಗಲು 38-40ಕ್ಕೆ ಹೋದರೂ ಸಂಜೆ ಪಶ್ಚಿಮದ ಗಾಳಿ ಬೀಸಿ ರಾತ್ರಿ ಇಳಿಯುತ್ತದೆ. ಹೀಟ್ ಪಂಪಿನ ಕಣ್ಣಿನಿಂದ ನೋಡಿದರೆ ಇದು ನಮಗೆ ಸಿಕ್ಕ ದೊಡ್ಡ ಅನುಕೂಲ. ಕಡಲತೀರದ ಊರುಗಳಿಗೆ ಇಂಥ ಅನುಕೂಲವಿಲ್ಲ.

ಇನ್ನು ಚೀಟಿಯ ವಿಚಾರ. ಇಂಧನ ದಕ್ಷತಾ ಬ್ಯೂರೋ ಹುಟ್ಟಿದ್ದು 2002ರಲ್ಲಿ, ಸ್ಟಾರ್ ಗುರುತಿನ ಯೋಜನೆ ಶುರುವಾದದ್ದು 2006ರಲ್ಲಿ. ಮೊದಲು ಏಸಿಯನ್ನು ಒಂದೇ ಸ್ಥಿತಿಯಲ್ಲಿ ಪರೀಕ್ಷಿಸಿ ಅಂಕ ಕೊಡುತ್ತಿದ್ದರು: ಒಳಗೆ 27 ಡಿಗ್ರಿ, ಹೊರಗೆ 35 ಡಿಗ್ರಿ. ವರ್ಷವಿಡೀ ಹೊರಗೆ 35 ಇರುವ ಊರು ಎಲ್ಲೂ ಇಲ್ಲ. ಆಮೇಲೆ ಬಂದ ಐಎಸ್‌ಇಇಆರ್ ಅಳತೆ ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿವರೆಗೆ ಎಷ್ಟೆಷ್ಟು ಗಂಟೆ ಇರುತ್ತದೆ ಎಂಬುದನ್ನು ಹಿಡಿದು, ವರ್ಷಕ್ಕೆ 1600 ಗಂಟೆಯ ಓಟಕ್ಕೆ ಸರಾಸರಿ ತೆಗೆಯುತ್ತದೆ. 2018ರಿಂದ ಎಲ್ಲ ಕೋಣೆ ಏಸಿಗಳಿಗೂ ಇದೇ ಅಳತೆ. 2022ರ ಜುಲೈ ಪಟ್ಟಿಯಲ್ಲಿ ಸ್ಪ್ಲಿಟ್ ಏಸಿಯ ಐದು ಸ್ಟಾರಿಗೆ ಐಎಸ್‌ಇಇಆರ್ 5 ಅಥವಾ ಮೇಲಿರಬೇಕಿತ್ತು, ಮೂರು ಸ್ಟಾರಿಗೆ 3.8 ಸಾಕಿತ್ತು. ಪಟ್ಟಿ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಹಳೆಯ ಐದು ಸ್ಟಾರ್ ಮತ್ತು ಹೊಸ ಐದು ಸ್ಟಾರ್ ಒಂದೇ ಅಲ್ಲ, ಆದ್ದರಿಂದ ಕೊಳ್ಳುವವರು ಸ್ಟಾರಿಗಿಂತ ಮೊದಲು ಚೀಟಿಯ ಮೇಲಿನ ಐಎಸ್‌ಇಇಆರ್ ಅಂಕಿಯನ್ನೂ ಅದು ಯಾವ ವರ್ಷದ ಪಟ್ಟಿ ಎಂಬುದನ್ನೂ ಓದಬೇಕು.

ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಕಂಪನಿಯ ಮಾತಿನ ಮೇಲಿದ್ದ ವ್ಯಾಪಾರವನ್ನು ಅದು ಅಂಕಿಯ ಮೇಲೆ ತಂದಿತು. ಆದರೆ ದೇಶಕ್ಕೆಲ್ಲ ಹೊಂದುವ ಸರಾಸರಿ ಲಕ್ಷ್ಮೇಶ್ವರದ ಮನೆಯೊಂದಕ್ಕೆ ನೇರವಾಗಿ ಹೊಂದುವುದಿಲ್ಲ. ಒಂದೂವರೆ ಟನ್ನಿನ ಏಸಿಯನ್ನು ತೆಗೆದುಕೊಳ್ಳಿ. 1600 ಗಂಟೆಗೆ ಐದು ಸ್ಟಾರಿನದು ಸುಮಾರು 770 ಯೂನಿಟ್ ತಿಂದರೆ ಮೂರು ಸ್ಟಾರಿನದು ಸುಮಾರು 1000 ಯೂನಿಟ್ ತಿನ್ನುತ್ತದೆ, ಉಳಿತಾಯ 230 ಯೂನಿಟ್. ಆದರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಏಸಿ ಓಡುವುದು ಮಾರ್ಚಿನಿಂದ ಮೇ ಕೊನೆವರೆಗೆ, ಅದೂ ರಾತ್ರಿ. ದಿನಕ್ಕೆ 8 ಗಂಟೆಯಂತೆ 90 ದಿನ ಹಿಡಿದರೆ 720 ಗಂಟೆ. ಉಳಿಯುವುದು ನೂರು ಯೂನಿಟ್ಟಿನ ಆಸುಪಾಸು. ಹೆಚ್ಚಿಗೆ ಕೊಟ್ಟ ಎಂಟು-ಹತ್ತು ಸಾವಿರ ರೂಪಾಯಿ ಇಷ್ಟರಿಂದಲೇ ಮರಳಬೇಕೆಂದರೆ ಹತ್ತು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ವರ್ಷವಿಡೀ ದಿನಕ್ಕೆ ಹನ್ನೆರಡು ತಾಸು ಓಡಿಸುವ ಔಷಧ ಅಂಗಡಿ, ದವಾಖಾನೆ, ಬ್ಯಾಂಕುಗಳಿಗಾದರೆ ಅದೇ ಹಣ ಎರಡು-ಮೂರು ವರ್ಷಕ್ಕೆ ಮರಳುತ್ತದೆ. ಹೀಗಿದ್ದೂ ಅಂಗಡಿಯವರು ಇಬ್ಬರಿಗೂ ಒಂದೇ ಸಲಹೆ ಕೊಡುತ್ತಾರೆ.

ಆದರೆ ಮನೆಯವರ ಲೆಕ್ಕಕ್ಕೆ ಇನ್ನೊಂದು ಮಗ್ಗಲಿದೆ. ರಾಜ್ಯದ ಉಚಿತ ಕರೆಂಟಿನ ಯೋಜನೆಯಾದ ಗೃಹಜ್ಯೋತಿಯಲ್ಲಿ 200 ಯೂನಿಟ್ ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳಿಗೆ 80 ಯೂನಿಟ್ ಬಳಸುವ ಕುಟುಂಬ ಬೇಸಿಗೆಯಲ್ಲಿ ರಾತ್ರಿ ಎಂಟು ತಾಸು ಏಸಿ ಹಾಕಿತು ಎನ್ನಿ. ಚೀಟಿಯ ಸರಾಸರಿಯಂತೆ ಐದು ಸ್ಟಾರಿನದು ತಾಸಿಗೆ ಅರ್ಧ ಯೂನಿಟ್ಟಿಗೆ ತುಸು ಕಡಿಮೆ, ತಿಂಗಳಿಗೆ 115, ಒಟ್ಟು 195. ಮೂರು ಸ್ಟಾರಿನದು 150; ಒಟ್ಟು 230. ಮೊದಲನೆಯವರು ತಮ್ಮ ಪಾಲಿನ ಉಚಿತ ಯೂನಿಟ್ ಕಳೆದು ಮಿಕ್ಕಿದ್ದಕ್ಕೆ ಮಾತ್ರ ಹಣ ಕಟ್ಟುತ್ತಾರೆ, ಎರಡನೆಯವರು ಎಲ್ಲದಕ್ಕೂ. ಇಂಥ ಮನೆಗೆ ಹೆಚ್ಚು ದಕ್ಷತೆಯ ಯಂತ್ರ ನಿಜಕ್ಕೂ ಲಾಭದ್ದು. ಗಡಿಗೆ ಇಷ್ಟು ಹತ್ತಿರ ನಿಂತವರಿಗೆ ಚೀಟಿಯ ಅಂಕಿ ಸಾಲದು, ತಮ್ಮ ಮನೆಯಲ್ಲಿ ಏಸಿ ನಿಜವಾಗಿ ಎಷ್ಟು ತಿನ್ನುತ್ತದೆ ಎಂಬುದು ಗೊತ್ತಿರಬೇಕು. ಹಾಗಾದರೆ ಅಳೆಯುವುದು ಹೇಗೆ?

ರಿಪೇರಿಯವರು ಬಂದಾಗ ಮಾಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಗಾಳಿ ಬರುವ ಬಾಯಿಗೆ ಥರ್ಮಾಮೀಟರ್ ಹಿಡಿದು, ‘13 ಡಿಗ್ರಿ ಬರಾಕತ್ತೇತ್ರಿ, ಏನೂ ತ್ರಾಸಿಲ್ಲ’ ಎನ್ನುತ್ತಾರೆ. ಈ ಪರೀಕ್ಷೆ ದಾರಿ ತಪ್ಪಿಸಬಲ್ಲದು. ಫಿಲ್ಟರಿನಲ್ಲಿ ಧೂಳು ಕಟ್ಟಿದಾಗ ಗಾಳಿ ಕಡಿಮೆ ಹರಿಯುತ್ತದೆ, ಹರಿದಷ್ಟು ಗಾಳಿ ಇನ್ನೂ ತಣ್ಣಗಾಗಿ ಬರುತ್ತದೆ. ಥರ್ಮಾಮೀಟರ್ ಸಂತೋಷಪಡುತ್ತದೆ, ಕೋಣೆ ಮಾತ್ರ ತಂಪಾಗುವುದಿಲ್ಲ. ಸಾಗಿದ ಶಾಖ ಎಷ್ಟು ಎಂದು ತಿಳಿಯಲು ಗಾಳಿಯ ತಂಪು, ಗಾಳಿಯ ಪ್ರಮಾಣ, ಗಾಳಿಯಿಂದ ಇಳಿದ ನೀರು ಮೂರೂ ಬೇಕು.

ಒಂದೂವರೆ ಟನ್ನಿನ ಏಸಿ ನಿಮಿಷಕ್ಕೆ ಸುಮಾರು 16 ಘನ ಮೀಟರ್ ಗಾಳಿ ಊದುತ್ತದೆ. ಬಾಯಿಯ ಉದ್ದ-ಅಗಲ ಅಳೆದು, ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದರೆ ಇದು ಸಿಗುತ್ತದೆ. ಗದಗಿನ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.1 ಕಿಲೋ ಹಿಡಿಯಬಹುದು. ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ 12 ಡಿಗ್ರಿ ತಂಪಾಗಿದ್ದರೆ ಸಾಗಿದ ಶಾಖ 3.6 ಕಿಲೋವ್ಯಾಟ್ ಆಸುಪಾಸು. ಇನ್ನು ಡ್ರೈನ್ ಪೈಪಿನ ಕೆಳಗೆ ಒಂದು ಬಕೆಟ್ ಇಡಿ. ಗಾಳಿಯಲ್ಲಿದ್ದ ಆವಿ ನೀರಾಗಿ ಇಳಿಯುವಾಗ ಪ್ರತಿ ಲೀಟರಿಗೂ ಸುಮಾರು 0.68 ಯೂನಿಟ್ಟಿನಷ್ಟು ಶಾಖ ಹೋಗಿರುತ್ತದೆ. ತಾಸಿಗೆ 0.7 ಲೀಟರ್ ಬಿದ್ದರೆ ಅರ್ಧ ಕಿಲೋವ್ಯಾಟ್ ಕೂಡಿಸಿ: ಒಟ್ಟು 4.1. ಒಣ ಹವೆಯ ಏಪ್ರಿಲ್‌ನಲ್ಲಿ ಬಕೆಟ್ ತುಂಬುವುದೇ ಇಲ್ಲ, ಜುಲೈನಲ್ಲಿ ತಡೆಯಿಲ್ಲದೆ ತುಂಬುತ್ತದೆ.

ಕರೆಂಟಿನ ಲೆಕ್ಕಕ್ಕೆ ಹೆಸ್ಕಾಂ ಮೀಟರೇ ಸಾಕು. ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಇಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದ್ದು, ಮನೆಯ ಬೇರೆ ಸ್ವಿಚ್ಚುಗಳನ್ನೆಲ್ಲ ಆರಿಸಿ ಒಂದು ನಿಮಿಷಕ್ಕೆ 64 ಮಿಣುಕು ಎಣಿಸಿದರೆ ಏಸಿ 1.2 ಕಿಲೋವ್ಯಾಟ್ ಎಳೆಯುತ್ತಿದೆ. 4.1ನ್ನು 1.2ರಿಂದ ಭಾಗಿಸಿ: 3.4. ಪ್ರಯೋಗಶಾಲೆಯ ನಿಖರತೆ ಇದಕ್ಕಿಲ್ಲ, ಶೇಕಡ ಹತ್ತು-ಹದಿನೈದು ಹೆಚ್ಚುಕಡಿಮೆ ಆಗಬಹುದು. ಆದರೂ ಇದೇ ಯಂತ್ರವನ್ನು ಮುಂದಿನ ವರ್ಷ ಇದೇ ರೀತಿ ಅಳೆದಾಗ 2.5 ಬಂದರೆ ಏನೋ ಕೆಟ್ಟಿದೆ ಎಂಬುದು ಖಚಿತ. ಇನ್ವರ್ಟರ್ ಏಸಿಯಲ್ಲಿ ಕಂಪ್ರೆಸರಿನ ವೇಗ ಏರಿಳಿಯುವುದರಿಂದ ಒಂದು ನಿಮಿಷದ ಎಣಿಕೆ ಪ್ರಯೋಜನಕ್ಕೆ ಬಾರದು. ರಾತ್ರಿ ಮಲಗುವಾಗ, ಬೆಳಗ್ಗೆ ಏಳುವಾಗ ಮೀಟರ್ ಬರೆದಿಟ್ಟುಕೊಳ್ಳುವುದೇ ದಾರಿ. ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ ವೋಲ್ಟೇಜಿನಿಂದ ಗುಣಿಸಿ ಯೂನಿಟ್ ಹೇಳುವವರ ಲೆಕ್ಕವೂ ಪೂರ್ತಿ ಸರಿಯಲ್ಲ, ಪವರ್ ಫ್ಯಾಕ್ಟರ್ ಅದರಲ್ಲಿ ಬಿಟ್ಟುಹೋಗಿರುತ್ತದೆ.

ನೀರು ಕಾಯಿಸುವ ಹೀಟ್ ಪಂಪನ್ನು ಅಳೆಯುವುದು ಇನ್ನೂ ಸಲೀಸು. ಲಾಡ್ಜು, ಹಾಸ್ಟೆಲ್ಲು, ಕಲ್ಯಾಣ ಮಂಟಪದಂಥ ಕಡೆ ಇದಕ್ಕೆ ಕೆಲಸವಿದೆ. 200 ಲೀಟರ್ ನೀರು 24ರಿಂದ 54 ಡಿಗ್ರಿಗೆ ಏರಬೇಕೆಂದರೆ ಸುಮಾರು 7 ಯೂನಿಟ್ ಶಾಖ ಬೇಕು. ಗೀಜರ್ 7ಕ್ಕಿಂತ ಹೆಚ್ಚೇ ತಿನ್ನುತ್ತದೆ. ಹೀಟ್ ಪಂಪ್ 2 ಯೂನಿಟ್ ತಿಂದಿದ್ದರೆ ಸಿಒಪಿ 3.5. ಡಿಸೆಂಬರಿನ ಬೆಳಗಿನ ಜಾವದ ಚಳಿಗಾಳಿಯಲ್ಲಿ ಓಡಿಸುವುದಕ್ಕಿಂತ ಮಧ್ಯಾಹ್ನ ಎರಡಕ್ಕೆ, ಗಾಳಿ 28 ಡಿಗ್ರಿ ಇರುವಾಗ ಓಡಿಸಿ ನೀರನ್ನು ಡ್ರಮ್ಮಿನಲ್ಲಿ ಬೆಚ್ಚಗೆ ಮುಚ್ಚಿಟ್ಟರೆ ಫಲ ಹೆಚ್ಚು. ಮಾಳಿಗೆಯಲ್ಲಿ ಜಾಗವಿದ್ದವರಿಗೆ ಸೋಲಾರ್ ಹೀಟರೇ ಉತ್ತಮ, ಇದರಲ್ಲಿ ನನಗೆ ಅನುಮಾನವಿಲ್ಲ.

ಅಳತೆ ಕೆಟ್ಟುಬಂದಾಗ ‘ಗ್ಯಾಸ್ ಖಾಲಿ ಆಗೇತಿ’ ಎಂಬ ತೀರ್ಪು ಬೇಗ ಬರುತ್ತದೆ. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಸೋರಿಕೆಯಿದ್ದರೆ ಮಾತ್ರ ಕಡಿಮೆಯಾಗುತ್ತದೆ. ಸೋರುವ ಜಾಗ ಮುಚ್ಚದೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಿದರೆ ಹಣವೂ ಹೋಗುತ್ತದೆ, ಭೂಮಿಯನ್ನು ಬಿಸಿ ಮಾಡುವ ಅನಿಲವೂ ಹೊರಬೀಳುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಆರ್-32 ಕೂಡ ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ.

ನಮ್ಮಲ್ಲಿ ಕಾರಣ ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ಮಾರುಕಟ್ಟೆಯ ಇಕ್ಕಟ್ಟಾದ ಓಣಿಗಳಲ್ಲಿ ತಲೆಯೆತ್ತಿ ನೋಡಿದರೆ ಹೊರಗಿನ ಯೂನಿಟ್ಟುಗಳು ಒಂದರ ಮೇಲೊಂದು, ಒಂದಕ್ಕೊಂದು ಮುಖಮಾಡಿ ಕೂತಿರುತ್ತವೆ. ಒಂದು ಉಗುಳಿದ ಬಿಸಿಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಊರಿನಲ್ಲಿ 38 ಇದ್ದರೂ ಅವುಗಳ ಪಾಲಿಗೆ 45. ಹತ್ತಿ, ಶೇಂಗಾ, ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಎರೆಮಣ್ಣಿನ ಧೂಳೂ ಹತ್ತಿಯ ಎಳೆಯೂ ಕಾಯಿಲ್‌ನ ತೆಳ್ಳನೆಯ ಅಲ್ಯೂಮಿನಿಯಂ ಎಲೆಗಳ ನಡುವೆ ಸೇರಿ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಒಳಗಿನ ಫಿಲ್ಟರ್ ತೊಳೆಯುವವರು ಕೂಡ ಹೊರಗಿನ ಕಾಯಿಲ್ ಮುಟ್ಟುವುದಿಲ್ಲ. ಮಾರ್ಚಿನಲ್ಲೊಮ್ಮೆ ಮೆತ್ತಗೆ ನೀರು ಹಾಯಿಸಿ ತೊಳೆಸಿದರೆ ಕಾಯಿಲ್‌ನ ಉಷ್ಣತೆ ಕೆಲವು ಡಿಗ್ರಿ ಇಳಿಯುತ್ತದೆ, ಒಂದೊಂದು ಡಿಗ್ರಿಗೂ ಶೇಕಡ ಎರಡು-ಮೂರರಷ್ಟು ಕರೆಂಟು ಉಳಿಯುತ್ತದೆ.

ಬೋರಿನ ಗಡಸು ನೀರು ಇನ್ನೊಂದು ಶತ್ರು. ನೀರಿನಿಂದ ತಂಪಾಗುವ ದೊಡ್ಡ ಕಂಡೆನ್ಸರುಗಳ ಮೇಲೆ ಅದು ಸುಣ್ಣದ ಪದರು ಕಟ್ಟುತ್ತದೆ. ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜುಗಳಿಗೆ ಇದು ಸಣ್ಣ ಮಾತಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ರೈತರು ಬೆಳೆದ ಬ್ಯಾಡಗಿ ತಳಿಯ ಕೆಂಪು ಬಣ್ಣ ಉಳಿಯುವುದು ತಂಪಿನಲ್ಲಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬೆಳೆಯ ಬೆಲೆ ಆ ಬಣ್ಣದ ಮೇಲೆ ನಿಂತಿದೆ. ಅಲ್ಲಿ ವರ್ಷದ ಮುಕ್ಕಾಲು ಭಾಗ ಓಡುವ ಕಂಪ್ರೆಸರಿನ ಖರ್ಚು ಕೊನೆಗೆ ಚೀಲದ ಬಾಡಿಗೆಯ ರೂಪದಲ್ಲಿ ರೈತರ ತಲೆಗೇ ಬರುತ್ತದೆ. ಹಾಲಿನ ಲೆಕ್ಕವೂ ಹೀಗೆಯೇ: ಸಾವಿರ ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್ ಶಾಖ ತೆಗೆಯಬೇಕು. ಯಂತ್ರದ ಸಿಒಪಿ 2.5 ಇದ್ದರೆ 14 ಯೂನಿಟ್ ಕರೆಂಟು, 1.8ಕ್ಕೆ ಇಳಿದರೆ 19 ದಾಟುತ್ತದೆ. ಸಂಘದ ಕಾರ್ಯದರ್ಶಿ ದಿನವೂ ಲೀಟರ್ ಬರೆಯುತ್ತಾರೆ, ಡಿಗ್ರಿ ಬರೆಯುತ್ತಾರೆ. ಆ ಪುಸ್ತಕದಲ್ಲಿಯೇ ಮೀಟರಿನ ಅಂಕಿಗೆ ಇನ್ನೊಂದು ಅಂಕಣ ಹಾಕಿದರೆ ಯಂತ್ರದ ಆರೋಗ್ಯ ದಿನವೂ ಕಣ್ಣ ಮುಂದಿರುತ್ತದೆ.

ಮೆಣಸಿನಕಾಯಿ ಒಣಗಿಸುವ ಹೀಟ್ ಪಂಪಿಗೆ ಅಳತೆಯೇ ಬೇರೆ: ಒಂದು ಯೂನಿಟ್ಟಿಗೆ ಎಷ್ಟು ಕಿಲೋ ನೀರು ಹೋಯಿತು. ಬರೀ ಹೀಟರಿನಿಂದ ಒಂದೂವರೆ ಕಿಲೋ ದಾಟುವುದು ಸಾಧ್ಯವಿಲ್ಲ. ಒಳ್ಳೆಯ ಹೀಟ್ ಪಂಪ್ ಎರಡೂವರೆ ಮುಟ್ಟುತ್ತದೆ. ಹಾಗಿದ್ದರೂ ಕಣದ ಬಿಸಿಲು ಪುಕ್ಕಟೆ. ಅಕಾಲ ಮಳೆ ಬಿದ್ದು ಕಣದಲ್ಲಿ ಹರವಿದ ಕಾಯಿ ಬೂಸು ಹಿಡಿಯುವ ವಾರದಲ್ಲಿ ಮಾತ್ರ ಈ ಯಂತ್ರ ಹಣ ಹುಟ್ಟಿಸುತ್ತದೆ. ಒಬ್ಬ ರೈತ ಕೊಳ್ಳುವ ವಸ್ತು ಅದಲ್ಲ, ರೈತರ ಕಂಪನಿಯೊಂದು ಹತ್ತು ಹಳ್ಳಿಗೆ ಇಡಬಹುದಾದದ್ದು.

ಏರ್ ಕೂಲರನ್ನು ಬಿಟ್ಟು ಈ ಸಮೀಕ್ಷೆ ಮುಗಿಯದು. ಏಪ್ರಿಲ್ ಮಧ್ಯಾಹ್ನ 39 ಡಿಗ್ರಿ, ಆರ್ದ್ರತೆ ಶೇಕಡ 25 ಇದ್ದಾಗ ಒಳ್ಳೆಯ ಕೂಲರ್ 27-28 ಡಿಗ್ರಿಯ ಗಾಳಿ ಕೊಡಬಲ್ಲದು, ತಿನ್ನುವುದು 150-200 ವ್ಯಾಟ್. ಕರೆಂಟಿನಲ್ಲಿ ಯಾವ ಐದು ಸ್ಟಾರೂ ಅದರ ಹತ್ತಿರ ಬರುವುದಿಲ್ಲ. ಆದರೆ ಅದು ನೀರು ಕುಡಿಯುತ್ತದೆ. ಒಂದೂವರೆ ಟನ್ನಿಗೆ ಸಮನಾದ ತಂಪಿಗೆ ತಾಸಿಗೆ ಸುಮಾರು 8 ಲೀಟರ್, ಮಧ್ಯಾಹ್ನದ ಆರು ತಾಸಿಗೆ ಎರಡು-ಮೂರು ಕೊಡ. ತುಂಗಭದ್ರೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಗದಗ-ಬೆಟಗೇರಿಯಲ್ಲಿ ಈ ಕೊಡಗಳನ್ನೂ ದಕ್ಷತೆಯ ಲೆಕ್ಕಕ್ಕೆ ಹಿಡಿಯಬೇಕು. ಜೂನ್ ಬಂದು ಗಾಳಿಗೆ ತೇವ ಏರಿದ ಮೇಲೆ ಕೂಲರ್ ಕೈಕೊಡುತ್ತದೆ, ಅಷ್ಟರಲ್ಲಿ ಹವೆಯೂ ತಂಪಾಗಿರುತ್ತದೆ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಸಾಗಿಸಬೇಕಾದ ಶಾಖವನ್ನೇ ಕಡಿಮೆ ಮಾಡುವುದು. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಗಳು ಹಗಲಿನ ಶಾಖ ಒಳಗೆ ಬಾರದಂತೆ ಸಂಜೆವರೆಗೆ ತಡೆಯುತ್ತಿದ್ದವು. ಇಂದಿನ ಆರಂಗುಲ ಸ್ಲ್ಯಾಬು ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಹಾಸಿಗೆಯ ಮೇಲೆ ಸುರಿಯುತ್ತದೆ. ಹೊರಗೆ ತಂಪು ಗಾಳಿ ಬೀಸುತ್ತಿರುವಾಗ ಒಳಗೆ ಏಸಿ ಸ್ಲ್ಯಾಬಿನೊಡನೆ ಹೋರಾಡುತ್ತಿರುತ್ತದೆ. ಮಾಳಿಗೆಗೆ ಬಿಳಿ ಸುಣ್ಣ ಬಳಿದರೆ, ಏಸಿಯನ್ನು 20ರ ಬದಲು 25-26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ಆಗುವ ಉಳಿತಾಯ ಎರಡು ಸ್ಟಾರಿನ ವ್ಯತ್ಯಾಸಕ್ಕೆ ಕಡಿಮೆಯಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6 ಉಳಿಯುತ್ತದೆ ಎಂದು ಬ್ಯೂರೋ ಹೇಳುತ್ತದೆ. 2020ರಿಂದ ಹೊಸ ಏಸಿಗಳು ಹಾಕಿದೊಡನೆ 24ರಲ್ಲಿ ಶುರುವಾಗುವಂತೆ ನಿಯಮ ಮಾಡಿದ್ದೂ ಇದಕ್ಕೇ.

2019ರ ಭಾರತ ಶೀತಲೀಕರಣ ಕ್ರಿಯಾ ಯೋಜನೆಯ ಅಂದಾಜಿನಂತೆ 2037-38ರ ಹೊತ್ತಿಗೆ ದೇಶದ ತಂಪಿನ ಬೇಡಿಕೆ ಎಂಟು ಪಟ್ಟಾಗಲಿದೆ. ಅದರ ಒಂದು ಪಾಲು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೂ ಬರುತ್ತದೆ. ಗದಗಿನಲ್ಲಿ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜಿದೆ, ಲಕ್ಷ್ಮೇಶ್ವರದಲ್ಲಿ ಅಗಡಿ ಕಾಲೇಜಿದೆ, ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವಿದೆ. ಕೊನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಅನಿಮೋಮೀಟರ್, ಎರಡು ಥರ್ಮಾಮೀಟರ್, ಒಂದು ಬಕೆಟ್ ಹಿಡಿದು ಮಾರ್ಚ್, ಮೇ, ಜುಲೈ ಮೂರೂ ಕಾಲದಲ್ಲಿ ಓಣಿಯೊಂದರ ಏಸಿಗಳನ್ನು ತೊಳೆಯುವ ಮೊದಲೊಮ್ಮೆ, ತೊಳೆದ ಮೇಲೊಮ್ಮೆ ಅಳೆಯಲಿ. ಮುಂಡರಗಿ ಕಡೆಯ ಒಂದು ಹಾಲಿನ ಟ್ಯಾಂಕು, ಒಂದು ಹಾಸ್ಟೆಲ್ಲಿನ ಬಿಸಿನೀರಿನ ಡ್ರಮ್ಮು, ಸುಣ್ಣ ಬಳಿದ ಒಂದು ಮಾಳಿಗೆ, ಬಳಿಯದ ಇನ್ನೊಂದು ಮಾಳಿಗೆಯನ್ನೂ ಸೇರಿಸಿಕೊಳ್ಳಲಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಏಸಿ ಮಾರುವ ಅಂಗಡಿಗಳಲ್ಲಿ, ಹಾಲಿನ ಸಂಘಗಳಲ್ಲಿ, ಹೆಸ್ಕಾಂ ಕೌಂಟರಿನ ಎದುರು ಅಂಟಿಸಲಿ. ಅಚ್ಚಿನ ಕೆಲಸಕ್ಕೆ ಗದಗಿನಲ್ಲಿ ಮುದ್ರಣಾಲಯಗಳ ಕೊರತೆಯಿಲ್ಲ.